ಅರೆಡಾಕ್ಟರಿಗೆ ಕುರಿ ಸೂಜಿ

ಹೋತ ಒದೆಯದೇ ಇದ್ದಿದ್ದರೆ ಆ ದಿನ ಅರೆಡಾಕ್ಟರ ಬಾಳಿನ ಅತ್ಯಂತ ಹೆಮ್ಮೆಯ ದಿನವಾಗಿ ಮುಗಿಯುತ್ತಿತ್ತು.

ಬೆಳಗಿನ ಆರಕ್ಕೆ ಶುರು ಮಾಡಿ ಒಂಬತ್ತರೊಳಗೆ ಬೀದಿಯ ನಾಲ್ಕು ಮನೆಗಳ ಎಂಬತ್ಮೂರು ಕುರಿಮೇಕೆಗಳಿಗೆ ಲಸಿಕೆ ಚುಚ್ಚಿ ಮುಗಿಸಿದ್ದ. ಉಳಿದಿದ್ದು ಅವನದೇ ದೊಡ್ಡಿಯ ಕರಿ ಹೋತ ಒಂದೇ. ಹೆಂಡತಿ ಎರಡೂ ಕೊಂಬು ಹಿಡಿದುಕೊಂಡಿದ್ದಳು. ಅವನು ಮಂಡಿಯೂರಿ, ಭುಜದ ಹಿಂದಿನ ಸಡಿಲ ಚರ್ಮವನ್ನು ಚಿವುಟಿ ಎತ್ತಿ, ಇನ್ನೇನು ಸೂಜಿ ಇಡಬೇಕು, ಅಷ್ಟರಲ್ಲಿ ಹೋತ ಹಿಂಗಾಲು ಝಾಡಿಸಿ ಅವನ ಮೊಣಕೈಗೆ ಬಿಟ್ಟಿತು. ಅದುಮಿದಾಗಲೆಲ್ಲ ಒಂದು ಕುರಿಯ ಅಳತೆ ಬಿಡುವ ಪಿಸ್ತೂಲಿನಂಥ ಆ ಸಿರಿಂಜು ಗಿರ್ರನೆ ತಿರುಗಿ ಅವನ ತೊಡೆಗೇ ನಾಟಿತು. ಗಾಬರಿಯಲ್ಲಿ ಮುಷ್ಟಿ ತಾನಾಗಿ ಬಿಗಿಯಿತು. ಒಂದು ಸಲವಲ್ಲ, ಮೂರು ಸಲ.

"ಅಯ್ಯೋ, ನಿಮಗೇ ಹಾಕ್ಕೊಂಡ್ರಾ?" ಎಂದು ಹೆಂಡತಿ ಕೊಂಬು ಬಿಟ್ಟಳು. ಹೋತ ಓಡಿಹೋಯಿತು.

ಬೀದಿಯವರು ಅವನನ್ನು ಅರೆಡಾಕ್ಟ್ರು ಅನ್ನುವುದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಕುರಿ ಸಾಕಾಣಿಕೆಯ ಮೂರು ದಿನದ ತರಬೇತಿಗೆ ಹೋಗಿ ಬಂದವನು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಗೋಡೆಯ ಮದುವೆ ಫೋಟೋ ಇಳಿಸಿ, ಅದೇ ಮೊಳೆಗೆ ಇದನ್ನು ನೇತುಹಾಕಿದ್ದ. ಅಂದಿನಿಂದ ಯಾರ ಮೇಕೆ ಕೆಮ್ಮಿದರೂ ಯಾರ ಕುರಿ ಕುಂಟಿದರೂ ಕರೆಯದೆಯೇ ಹಾಜರಾಗುತ್ತಿದ್ದ. ಈಗ ಪಕ್ಕದ ಊರಿಗೆ ಕೆಟ್ಟ ಬೇನೆ ಕಾಲಿಟ್ಟಿತ್ತು. ಮೊದಲು ಮೂಗು ಸೋರುವುದು, ಆಮೇಲೆ ಬಾಯಿಹುಣ್ಣು, ಭೇದಿ. ವಾರದೊಳಗೆ ಮಂದೆಗೆ ಮಂದೆಯೇ ಮಲಗಿಬಿಡುತ್ತಿತ್ತು. ಪಶು ಆಸ್ಪತ್ರೆಯ ಕಾಂಪೌಂಡರಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಬೆಳಗ್ಗೆ ಐಸು ತುಂಬಿದ ಡಬ್ಬಿಯನ್ನು ಅರೆಡಾಕ್ಟರ ಕೈಗಿಟ್ಟು, ಬೈಕಿನಿಂದ ಇಳಿಯದೆಯೇ, "ನೋಡಿ, ಇದನ್ನ ಹೇಗೆ ಅಂದ್ರೆ..." ಎಂದು ಶುರು ಮಾಡಿದ್ದರು.

"ನಂಗೆ ಗೊತ್ತು ಬಿಡಿ ಸಾರ್, ಟ್ರೈನಿಂಗ್ ಆಗಿದೆ" ಎಂದು ಇವನು ತಡೆದಿದ್ದ. ಕಾಂಪೌಂಡರು ಒಂದು ಕೆಲಸ ಕಡಿಮೆಯಾಯಿತೆಂದು ಗಾಡಿ ತಿರುಗಿಸಿದ್ದರು.

ಹೆಂಡತಿಯ ಕೂಗಿಗೆ ಮೊದಲು ಓಡಿ ಬಂದದ್ದು ಪಕ್ಕದ ಮನೆಯ ದೊಡ್ಡಮ್ಮ. ಮೂರು ಮೇಕೆಗಳ ಒಡತಿ. ಹಿಂದೆಯೇ ಆರು ಮೇಕೆಗಳ ನಿವೃತ್ತ ಮೇಷ್ಟ್ರು, ಅವರ ಹಿಂದೆ ನಲವತ್ತು ಕುರಿಗಳ ಹಿಟ್ಟಿನ ಗಿರಣಿಯವನು, ಮೈತುಂಬ ಹಿಟ್ಟು ಮೆತ್ತಿಕೊಂಡೇ ಬಂದ.

"ಏನಿಲ್ಲ, ಏನಿಲ್ಲ" ಎಂದ ಅರೆಡಾಕ್ಟ್ರು, ತೊಡೆ ಉಜ್ಜಿಕೊಳ್ಳುತ್ತ. "ಇದೆಲ್ಲಾ ನಮ್ಮ ಕಸುಬಿನಲ್ಲಿ ಇದ್ದಿದ್ದೇ."

"ಚೀಟಿ ಎಲ್ಲಿ? ಔಷಧಿ ಜೊತೆ ಒಂದು ಚೀಟಿ ಇಟ್ಟಿರ್ತಾರೆ" ಎಂದರು ಮೇಷ್ಟ್ರು. ಡಬ್ಬಿಯ ಮುಚ್ಚಳದಡಿ ಸಿಕ್ಕಿದ ಕಾಗದವನ್ನು ಬಿಡಿಸಿ, ಕನ್ನಡಕ ಏರಿಸಿ, ತರಗತಿಗೆ ಪಾಠ ಹೇಳುವವರಂತೆ ಗಂಟಲು ಸರಿಪಡಿಸಿಕೊಂಡರು. "ಬಳಸುವ ವಿಧಾನ. ಮೊದಲನೆಯದಾಗಿ..."

"ಬಳಸಿ ಆಯ್ತಲ್ಲ ಮೇಷ್ಟ್ರೇ, ಕೆಳಗಡೆ ಓದಿ!" ಎಂದು ಗಿರಣಿಯವನು ಗದರಿದ.

ಮೇಷ್ಟ್ರ ಬೆರಳು ಕೆಳಗಿಳಿಯಿತು. "ಪ್ರಾಣಿಗಳಿಗೆ ಮಾತ್ರ. ಆಕಸ್ಮಿಕವಾಗಿ ಮನುಷ್ಯರಿಗೆ ಚುಚ್ಚಿದಲ್ಲಿ ತಕ್ಷಣ ವೈದ್ಯರನ್ನು ಕಾಣತಕ್ಕದ್ದು."

"ಕಾಣದಿದ್ರೆ?" ಎಂದಳು ಹೆಂಡತಿ.

ಮೇಷ್ಟ್ರು ಕಾಗದದ ಹಿಂದೆ ಮುಂದೆ ನೋಡಿದರು. "ಅದನ್ನ ಬರೆದಿಲ್ಲಮ್ಮ. ಬರೆಯೋ ಧೈರ್ಯ ಅವರಿಗೂ ಬಂದಿಲ್ಲ ಅಂತ ಕಾಣುತ್ತೆ."

ಅಲ್ಲಿಯವರೆಗೆ ಅರೆಡಾಕ್ಟರಿಗೆ ನೋವಿತ್ತು, ಭಯವಿರಲಿಲ್ಲ. ಈಗ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂದು ಕುರಿಗೆ ಒಂದು ಅಳತೆ. ತನಗೆ ಮೂರು ಅಳತೆ. ಪಕ್ಕದ ಊರಲ್ಲಿ ಮೂಗು ಸೋರಿಸಿಕೊಂಡು ಮಲಗಿದ್ದ ಕುರಿಗಳನ್ನು ಅವನು ಕಣ್ಣಾರೆ ನೋಡಿ ಬಂದಿದ್ದ. ಯಾರಿಗೂ ಕಾಣದಂತೆ ಮೂಗು ಮುಟ್ಟಿ ನೋಡಿಕೊಂಡ.

ದೊಡ್ಡಮ್ಮ ನೋಡಿಬಿಟ್ಟಳು. "ಮೂಗು ಸುರೀತಿದೆಯೇನೋ ಮಗ?"

"ಇಲ್ಲ ದೊಡ್ಡಮ್ಮ."

"ಬಾಯಿ ತೆಗಿ. ನಾಲಿಗೆ ಚಾಚು." ತನ್ನ ಮೇಕೆಗಳಿಗೆ ಮಾಡುವಂತೆಯೇ ಅವನ ದವಡೆ ಹಿಡಿದು ಬಾಯಿ ಅಗಲಿಸಿ ಇಣುಕಿದಳು. ಆಮೇಲೆ "ಹೂಂ" ಎಂದಳು. ಆ ಹೂಂ ಕೇಳಿ ಅವನು ಅಲ್ಲೇ ನೆಲಕ್ಕೆ ಕೂತುಬಿಟ್ಟ. ತೊಡೆ ಬೇರೆ ನಿಂಬೆಹಣ್ಣಿನಷ್ಟು ಊದಿತ್ತು. ಹೆಂಡತಿ ಡಬ್ಬಿಯಲ್ಲಿದ್ದ ಐಸನ್ನೆಲ್ಲ ಟವೆಲಿಗೆ ಸುರಿದು ಅದರ ಮೇಲೆ ಒತ್ತಿ ಹಿಡಿದಳು. ಕಾಂಪೌಂಡರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

"ಗಾಡಿ ತೆಗೀತೀನಿ" ಎಂದ ಗಿರಣಿಯವನು. ಅವನ ಸಾಮಾನು ಸಾಗಿಸುವ ಮೂರುಗಾಲಿ ಗಾಡಿಯ ಹಿಂದೆ, ಹಿಟ್ಟಿನ ಚೀಲಗಳ ನಡುವೆ ಅರೆಡಾಕ್ಟರನ್ನು ಒರಗಿಸಿದರು. ಸಾಕ್ಷಿಗೆ ಇರಲಿ ಎಂದು ಮೇಷ್ಟ್ರು ಔಷಧಿಯ ಬಾಟಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅವನ ನಾಡಿ ಹಿಡಿದರು. ದೊಡ್ಡಮ್ಮ ಎದುರಿಗೆ ಕೂತು ಅವನ ಮುಖವನ್ನೇ ನೋಡುತ್ತಿದ್ದಳು, ಉಕ್ಕಲಿರುವ ಹಾಲನ್ನು ಕಾಯುವವಳಂತೆ.

ಆಸ್ಪತ್ರೆಯಲ್ಲಿ ನರ್ಸು "ಏನಾಗಿದೆ?" ಎಂದು ಕೇಳಿದ್ದೇ ತಡ, ನಾಲ್ವರೂ ಒಟ್ಟಿಗೆ ಹೇಳಿದರು. ಗದ್ದಲ ಕೇಳಿ ಯುವ ವೈದ್ಯರು ಹೊರಗೆ ಬಂದು ಅರೆಡಾಕ್ಟರನ್ನು ಒಳಗೆ ಕೂರಿಸಿಕೊಂಡರು. ಉಳಿದವರು ಬಾಗಿಲಿಗೇ ಅಂಟಿಕೊಂಡು ನಿಂತರು.

"ಎಷ್ಟು ಚುಚ್ಚಿಕೊಂಡ್ರಿ?"

"ಮೂರು ಕುರಿಯಷ್ಟು ಡಾಕ್ಟ್ರೇ."

ವೈದ್ಯರ ಪೆನ್ನು ನಿಂತಿತು. ಬಿಪಿ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು. "ನಂಗೆ ತಿಳಿದ ಮಟ್ಟಿಗೆ ಈ ಕಾಯಿಲೆ ಮನುಷ್ಯರಿಗೆ ಬರಲ್ಲ. ಆದ್ರೆ ಮೂರು ಡೋಸ್ ಚುಚ್ಚಿಕೊಂಡವರನ್ನ ನಾನೆಲ್ಲೂ ನೋಡಿಲ್ಲ. ಇದರಲ್ಲಿ ಏನೇನಿದೆ ಅಂತ ಪಶುವೈದ್ಯರ ಹತ್ರ ಕೇಳ್ಕೊಂಡು ಬನ್ನಿ."

ಬಾಗಿಲಲ್ಲಿದ್ದವರಿಗೆ ಮೊದಲ ಮಾತು ಕೇಳಿಸಲಿಲ್ಲ. ಎರಡನೆಯದು ಚೆನ್ನಾಗಿ ಕೇಳಿಸಿತು.

"ಡಾಕ್ಟ್ರೇ ಕೈ ಚೆಲ್ಲಿದ್ರಂತೆ" ಎಂದು ಗಿರಣಿಯವನು ಗಾಡಿಯನ್ನು ಒಂದೇ ಏಟಿಗೆ ತಿರುಗಿಸಿದ. ಹೊಂಡ, ಉಬ್ಬು ಏನನ್ನೂ ನೋಡಲಿಲ್ಲ. ಪ್ರತಿ ಕುಲುಕಾಟಕ್ಕೂ ಹಿಟ್ಟು ಹಾರಿ ಅರೆಡಾಕ್ಟರ ಮುಖ ಬಿಳಿಯಾಗುತ್ತಿತ್ತು. ಅದು ಹಿಟ್ಟೆಂದು ಗೊತ್ತಿದ್ದೂ ಹೆಂಡತಿ ಅತ್ತಳು.

"ನಾಡಿ ನೂರಹತ್ತು" ಎಂದರು ಮೇಷ್ಟ್ರು.

ಅರೆಡಾಕ್ಟರಿಗೆ ಕಿವಿ ಬಿಸಿಯಾದಂತೆ ಅನ್ನಿಸುತ್ತಿತ್ತು. ಗಂಟಲು ಒಣಗಿ ಕೆಮ್ಮು ಬಂತು. ಆದರೆ ಕೆಮ್ಮಿದರೆ ಕುರಿಯ ಕೆಮ್ಮಿನಂತೆ ಕೇಳಿಸೀತೆಂದು ಹೆದರಿ ಕಣ್ಣಲ್ಲಿ ನೀರು ಬರುವವರೆಗೂ ಬಿಗಿಹಿಡಿದ. ಕೊನೆಗೆ ತಡೆಯಲಾಗದೆ ಕೆಮ್ಮಿಯೇಬಿಟ್ಟ. ಮೇಷ್ಟ್ರು ಅವನ ಕೈ ಬಿಟ್ಟು ಒಂದು ಚೀಲದಷ್ಟು ದೂರ ಸರಿದರು.

ಹೆಂಡತಿಯ ಕೈ ಹಿಡಿದು ಮೆಲ್ಲಗೆ ಹೇಳಿದ: "ನಂಗೇನಾದ್ರೂ ಆದ್ರೆ, ಆ ಕರಿ ಹೋತಾನ ಮಾತ್ರ ಮಾರಬೇಡ. ಒಳ್ಳೇ ತಳಿ."

"ರೀ, ಒದ್ದಿದ್ದೇ ಅದು!"

"ಒದೆಯೋ ಶಕ್ತಿ ಇದೆ ಅಂತಾನೇ ಹೇಳಿದ್ದು" ಎಂದು ಕಣ್ಣು ಮುಚ್ಚಿದ.

ಪಶು ಆಸ್ಪತ್ರೆಯ ಅಂಗಳ ಕುರಿ, ಮೇಕೆ, ಎಮ್ಮೆಗಳಿಂದ ತುಂಬಿತ್ತು. ಸಾಲು ಬೀದಿಯವರೆಗೂ ಇತ್ತು. ಗಿರಣಿಯವನು "ಜೀವ ಹೋಗ್ತಿದೆ, ದಾರಿ ಬಿಡಿ" ಎಂದು ಕೂಗುತ್ತ ನುಗ್ಗಿದ. ಮೇಜಿನ ಹಿಂದಿದ್ದ ಅಟೆಂಡರು ತಲೆ ಎತ್ತದೆ ರಿಜಿಸ್ಟರು ತೆರೆದ.

"ಪ್ರಾಣಿ ಎಲ್ಲಿ?"

ದೊಡ್ಡಮ್ಮ ಅರೆಡಾಕ್ಟರನ್ನು ಮುಂದಕ್ಕೆ ತಳ್ಳಿದಳು. "ಇಲ್ಲೇ ಇದ್ದಾನೆ."

"ಗಂಡೋ ಹೆಣ್ಣೋ?"

"ಗಂಡು."

"ಹಲ್ಲೆಷ್ಟು?"

"ಮೂವತ್ತೊಂದು" ಎಂದಳು ಹೆಂಡತಿ. "ಒಂದು ಕೀಳಿಸಿದ್ದೀವಿ."

ಅಟೆಂಡರು ಆಗ ತಲೆ ಎತ್ತಿದ. ಎದುರಿಗೆ ಹಿಟ್ಟು ಮೆತ್ತಿದ, ತೊಡೆಗೆ ಟವೆಲು ಕಟ್ಟಿದ, ಕುರ್ಚಿಗೆ ಜೋತುಬಿದ್ದಿದ್ದ ಮನುಷ್ಯನನ್ನು ನೋಡಿ ಎದ್ದು ಒಳಗೋಡಿದ. ಮೇಕೆಯೊಂದರ ಹೆರಿಗೆ ಮಾಡಿಸುತ್ತಿದ್ದ ಡಾಕ್ಟರಮ್ಮ ಗ್ಲೌಸು ಹಾಕಿದ ಕೈಯಲ್ಲೇ ಹೊರಗೆ ಬಂದರು. ಈ ಸಲ ಯಾರೂ ಒಟ್ಟಿಗೆ ಮಾತಾಡಲಿಲ್ಲ. ಅರೆಡಾಕ್ಟ್ರೇ ಎಲ್ಲ ಹೇಳಿದ. ಹೋತ, ಒದೆ, ಮೂರು ಸಲ. ಕೊನೆಗೆ ಕೇಳಿದ: "ಉಳೀತೀನಾ ಮೇಡಂ?"

"ಔಷಧಿ ಬಾಟಲಿ ತಂದಿದ್ದೀರಾ?"

ಮೇಷ್ಟ್ರು ಎರಡೂ ಕೈಯಲ್ಲಿ ಮುಂದೆ ಹಿಡಿದರು. ಡಾಕ್ಟರಮ್ಮ ಬಾಟಲಿಯನ್ನು ಬೆಳಕಿಗೆ ಎತ್ತಿದರು. ಅದರ ಮೇಲೆ ಅಂಟಿಸಿದ್ದ ಚೀಟಿ ಓದಿದರು. ಇನ್ನೊಮ್ಮೆ ಓದಿದರು. ಅಂಗಳದ ಎಮ್ಮೆಗಳು ಕೂಡ ಮೆಲುಕು ನಿಲ್ಲಿಸಿದಂತೆ ಕಂಡಿತು. ಹೆಂಡತಿ ಅವನ ಅಂಗಿಯ ತೋಳನ್ನು ಹಿಂಡುತ್ತಿದ್ದಳು.

"ನಿಮಗೇನೂ ಆಗಲ್ಲ" ಎಂದರು ಡಾಕ್ಟರಮ್ಮ. "ಇದರಲ್ಲಿ ಔಷಧೀನೇ ಇಲ್ಲ. ಇದು ಕಲಸೋ ನೀರು."

ಅರೆಡಾಕ್ಟರಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕಾಲಿಗೆ ಜೀವ ಬಂತು, ಕಿವಿ ತಣ್ಣಗಾಯಿತು. "ಬರೀ ನೀರಂತೆ!" ಎಂದು ಹೆಂಡತಿಯನ್ನು ಎಲ್ಲರೆದುರೂ ತಬ್ಬಿಕೊಂಡ. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಿರಣಿಯವನು ಬೆನ್ನಿಗೆ ಗುದ್ದಿದ ರಭಸಕ್ಕೆ ಹಿಟ್ಟಿನ ಮೋಡವೇ ಎದ್ದಿತು. ಮೇಷ್ಟ್ರು ಹತ್ತಿರ ಬಂದು ಮತ್ತೆ ನಾಡಿ ಹಿಡಿದರು.

"ಜೊತೆಗೆ ಹೆಬ್ಬೆರಳಷ್ಟು ಸಣ್ಣ ಸೀಸೆ ಒಂದು ಇರ್ಬೇಕಿತ್ತಲ್ಲ, ತಳದಲ್ಲಿ ಚೂರು ಪುಡಿ ಇರೋದು?" ಎಂದು ಡಾಕ್ಟರಮ್ಮ ಕೇಳಿದರು.

"ಇತ್ತು ಮೇಡಂ" ಎಂದ ಅರೆಡಾಕ್ಟ್ರು, ಇನ್ನೂ ನಗುತ್ತಲೇ. "ಖಾಲಿ ಅಂದ್ಕೊಂಡು ಡಬ್ಬೀಲೇ ಬಿಟ್ಟೆ."

"ಲಸಿಕೆ ಅದರಲ್ಲೇ ಇರೋದು. ಆ ಪುಡೀನ ಈ ನೀರಲ್ಲಿ ಕಲಸಿ ಚುಚ್ಚಬೇಕು. ಐಸಲ್ಲೇ ಇದೆ ತಾನೆ ಅದು?"

ಹೆಂಡತಿ ಅವನ ತೊಡೆಯ ಟವೆಲು ನೋಡಿದಳು. ಅದರಿಂದ ಕೊನೆಯ ಹನಿ ನೆಲಕ್ಕೆ ತೊಟ್ಟಿಕ್ಕಿತು.

"ಹಾಗಾದ್ರೆ ಐಸಿಲ್ದೆ ಅದೂ ಕೆಟ್ಟುಹೋಯ್ತು" ಎಂದರು ಡಾಕ್ಟರಮ್ಮ. "ಈ ನೀರನ್ನ ಎಷ್ಟು ಪ್ರಾಣಿಗೆ ಹಾಕಿದ್ರಿ?"

ಅರೆಡಾಕ್ಟರ ನಗು ತುಟಿಯ ಮೇಲೇ ಹೆಪ್ಪುಗಟ್ಟಿತು.

"ನನ್ನವು ನಲವತ್ತು" ಎಂದ ಗಿರಣಿಯವನು, ತೀರ ನಿಧಾನವಾಗಿ.

"ನನ್ನವು ಆರು" ಎಂದರು ಮೇಷ್ಟ್ರು. ನಾಡಿಯ ಮೇಲಿದ್ದ ಅವರ ಹಿಡಿತ ಬಿಗಿಯಾಯಿತು.

"ನನ್ನ ಮೂರು ಕೂಸುಗಳು, ಬೆಳಗ್ಗೆ ಅರಚಿಕೊಂಡಿದ್ದು ನೀರಿಗೇನೋ?" ಎಂದಳು ದೊಡ್ಡಮ್ಮ. "ಬೇನೆ ಪಕ್ಕದ ಊರಲ್ಲಿ ಬಂದು ಕೂತಿದೆ, ನೀನು ನೀರು ಚುಚ್ಚಿದೆಯೇನೋ?"

ಡಾಕ್ಟರಮ್ಮ ಹೊಸ ಔಷಧಿಯ ಡಬ್ಬಿ ತರಿಸಿ ಮೇಜಿನ ಮೇಲಿಟ್ಟರು. "ಜಗಳ ಆಮೇಲೆ ಆಡಿ. ಇವತ್ತು ಸಂಜೆಯೊಳಗೆ ಅಷ್ಟೂ ಪ್ರಾಣಿಗೆ ಮತ್ತೆ ಹಾಕಿ ಮುಗಿಸಬೇಕು. ಕಳಿಸೋಕೆ ನನ್ನ ಹತ್ರ ಜನ ಇಲ್ಲ. ಹೇಗೆ ಕಲಸೋದು ಅಂತ ಈಗಲೇ ತೋರಿಸ್ತೀನಿ. ನಿಮ್ಮ ಬೀದೀಲಿ ಸೂಜಿ ಹಾಕೋದು ಗೊತ್ತಿರೋರು ಯಾರಿದ್ದಾರೆ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೂವರೂ ಒಟ್ಟಿಗೆ ಅರೆಡಾಕ್ಟರ ಕಡೆ ತಿರುಗಿದರು. ಗಿರಣಿಯವನು ಅವನ ಒಂದು ರಟ್ಟೆ ಹಿಡಿದ. ಇನ್ನೊಂದು ಆಗಲೇ ಮೇಷ್ಟ್ರ ಕೈಯಲ್ಲಿತ್ತು. ಬೆಳಗ್ಗೆ ಒಮ್ಮೆ ಸೂಜಿಯ ರುಚಿ ನೋಡಿದ ಎಂಬತ್ಮೂರು ಪ್ರಾಣಿಗಳು ಮತ್ತೆ ಅದೇ ಪಿಸ್ತೂಲು ಹಿಡಿದು ಬರುವವನನ್ನು ಹೇಗೆ ಎದುರುಗೊಳ್ಳುತ್ತವೆಂಬುದು ಅರೆಡಾಕ್ಟರ ಕಣ್ಣಿಗೆ ಕಟ್ಟಿತು. ಜೊತೆಗೆ, ಪ್ರತಿ ದೊಡ್ಡಿಯ ಬಾಗಿಲಲ್ಲೂ ನಿಂತಿರಲಿರುವ ಈ ಮೂರು ಮುಖಗಳು.

ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು, ದನಿ ತಗ್ಗಿಸಿ ಕೇಳಿದ: "ಮೇಡಂ, ಇನ್ನೊಂದ್ಸಲ ಸರಿಯಾಗಿ ನೋಡಿ. ಒಂದೆರಡು ದಿನ ಇಲ್ಲೇ ಅಡ್ಮಿಟ್ ಮಾಡ್ಕೊಳ್ಳೋಕೆ ಆಗಲ್ವಾ?"