ಭೂಮಧ್ಯರೇಖೆಗೆ ಟವೆಲ್ ಹಾಕಿದ್ದು

ಪ್ರತಿಯೊಬ್ಬ ಮನುಷ್ಯನಿಗೂ ಒಂದಿಲ್ಲೊಂದು ವಿದ್ಯೆ ಕೈಹತ್ತಿರುತ್ತದೆ. ಕೆಲವರಿಗೆ ಹಾಡು, ಕೆಲವರಿಗೆ ಮಾತು, ಕೆಲವರಿಗೆ ಸರಿಯಾಗಿ ಚಹಾದ ಹೊತ್ತಿಗೆ ಇನ್ನೊಬ್ಬರ ಮನೆ ಸೇರುವುದು. ನನಗೆ ಕೈಹತ್ತಿದ್ದು ಬಸ್ಸಿನ ಕಿಟಕಿಯಲ್ಲಿ ಟವೆಲ್ ಎಸೆಯುವ ವಿದ್ಯೆ. ನವಲಗುಂದದಿಂದ ಅಣ್ಣಿಗೇರಿ ಕಡೆಯ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಭೂಗೋಳ ಕಲಿಸಿದವನು ನಾನು. ಭೂಗೋಳ ಎಷ್ಟು ಕಲಿಸಿದೆನೋ ದೇವರೇ ಬಲ್ಲ. ಬಸ್ಸು ಸ್ಟ್ಯಾಂಡಿಗೆ ತಿರುಗುವುದರೊಳಗೆ ಬಾಜುವಿನಲ್ಲಿ ಓಡುತ್ತ, ಬೇಕಾದ ಸೀಟಿನ ಮೇಲೆ ಟವೆಲ್ ಬೀಳಿಸುವುದರಲ್ಲಿ ಮಾತ್ರ ನನ್ನ ಸಮ ಯಾರೂ ಇರಲಿಲ್ಲ. ನಮ್ಮ ಹೆಡ್‌ಮಾಸ್ತರರು ಕೂಡ ತಮ್ಮ ಕರವಸ್ತ್ರವನ್ನು ನನ್ನ ಕೈಯಲ್ಲಿ ಕೊಟ್ಟು ನಿಶ್ಚಿಂತೆಯಿಂದ ನಿಲ್ಲುತ್ತಿದ್ದರು. ನಮ್ಮ ಕಡೆ ಸೀಟಿನ ಮೇಲೆ ಬಿದ್ದ ಟವೆಲ್ ಎಂದರೆ ಹೊಲದ ಉತಾರ, ಅಂದರೆ ಪಹಣಿ ಪತ್ರ ಇದ್ದಂತೆ. ಅದನ್ನು ಸರಿಸಿ ಕೂತವನ ಜತೆ ಇಡೀ ಬಸ್ಸು ಪಂಚಾಯತಿಗೆ ನಿಲ್ಲುತ್ತದೆ. ಮಂತ್ರಿ ಪದವಿಗೇ ಟವೆಲ್ ಹಾಕುವ ನಾಡಿನಲ್ಲಿ ನಾನು ಬಸ್ಸಿನ ಸೀಟಿಗೆ ಹಾಕಿದರೆ ಏನು ತಪ್ಪು ಎಂದುಕೊಂಡೇ ನಿವೃತ್ತನಾದೆ.

ಈ ವಿದ್ಯೆ ನನ್ನನ್ನು ಪರದೇಶದಲ್ಲಿ ಅಗದಿ ಬೀದಿಪಾಲು ಮಾಡಲಿತ್ತು. ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನ ಹೆಂಡತಿ ಗಿರಿಜಾಳ ತಮ್ಮ ಮಲ್ಲು ಶಲವಡಿಯ ಕಪ್ಪು ಮಣ್ಣಿನಲ್ಲಿ ಬೆಳೆದವನು, ತೋಟಗಾರಿಕೆ ಓದಿದವನು. ಈಗ ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ ಒಂದು ಗುಲಾಬಿ ತೋಟದ ಮ್ಯಾನೇಜರ್. ರಾಜಧಾನಿಯಲ್ಲೇ ಮನೆ ಮಾಡಿದ್ದಾನೆ. ಆ ಊರನ್ನು ನಾನು ಇಡೀ ನೌಕರಿಯುದ್ದಕ್ಕೂ ಕ್ವಿಟೋ ಎಂದು ಕಲಿಸಿದ್ದೆ. ಹೋದ ಮೇಲೆ ನೋಡಿದರೆ ಅಲ್ಲಿಯವರೆಲ್ಲ ಕೀಟೋ ಎನ್ನುತ್ತಾರೆ. ಪಾಸಾಗಿ ಹೋದ ಹುಡುಗರನ್ನು ತಿರುಗಿ ಕರೆದು ತಿದ್ದುವುದು ಹೇಗೆ? ಮಲ್ಲು ಕರೆದಾಗ ಗಿರಿಜಾ ತಮ್ಮನನ್ನು ನೋಡಲು ಹೊರಟಳು. ನಾನು ಭೂಮಧ್ಯರೇಖೆಯನ್ನು ನೋಡಲು ಹೊರಟೆ. ಅದು ಆ ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಒಡಕು ಗೋಳದ ಮೇಲೆ ಬೆರಳಾಡಿಸಿ ತೋರಿಸಿದ್ದ ಗೆರೆಯ ಮೇಲೆ ಸಾಯುವುದರೊಳಗೆ ಒಮ್ಮೆ ನಿಲ್ಲಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇತ್ತು.

ಊರು ಮಾತ್ರ ಕಣ್ತುಂಬುವಂಥದು. ಸುತ್ತ ಗುಡ್ಡ, ಗುಡ್ಡದ ಮೈಮೇಲೆಲ್ಲ ಹಳದಿ, ನೀಲಿ, ಬಿಳಿ ಮನೆಗಳು, ಕುಂಬಾರ ಸಂತೆಯಲ್ಲಿ ಗಡಿಗೆ ಒಟ್ಟಿದ ಹಾಗೆ. ಹಳೇ ಪೇಟೆಯಲ್ಲಿ ಹೆಜ್ಜೆಗೊಂದು ಚರ್ಚು, ಚೌಕದಲ್ಲಿ ಬ್ಯಾಂಡಿನವರು, ಅವರ ಮುಂದೆ ಯಾವ ಸಂಕೋಚವೂ ಇಲ್ಲದೆ ಕುಣಿಯುವ ಅಜ್ಜ ಅಜ್ಜಿಯರು. ಒಬ್ಬಾಕೆ ಮಂಜುಗಡ್ಡೆಯ ಮೇಲೆ ತಾಮ್ರದ ಬೋಗುಣಿ ಇಟ್ಟು ಗರಗರ ತಿರುಗಿಸಿ ಹಣ್ಣಿನ ರಸವನ್ನು ಐಸ್‌ಕ್ರೀಮ್ ಮಾಡಿ ಕೊಟ್ಟಳು. ಗಿರಿಜಾ ತಿನ್ನುವುದನ್ನು ಬಿಟ್ಟು ಆ ಬೋಗುಣಿಯ ದಪ್ಪ ನೋಡುತ್ತ ನಿಂತಳು. ಊರು ಎಷ್ಟು ಎತ್ತರದಲ್ಲಿದೆಯೆಂದರೆ ನಾಲ್ಕು ಮೆಟ್ಟಿಲು ಹತ್ತಿದರೆ ನನಗೆ ಏದುಸಿರು. ಈ ಏದುಸಿರಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಾವು ಊರಿಗೆ ಹೊರಡಲು ಎರಡು ದಿನ ಉಳಿದಿದ್ದಾಗ ಗೆರೆ ನೋಡಲು ಹೊರಟೆವು. ಮಲ್ಲುವಿಗೆ ತೋಟದಲ್ಲಿ ಕೆಲಸ. ಟ್ಯಾಕ್ಸಿ ಕಳಿಸುತ್ತೇನೆ ಎಂದ. ಇಡೀ ಜನ್ಮ ಬಸ್ಸಿನಲ್ಲೇ ಕಳೆದವನಿಗೆ ಟ್ಯಾಕ್ಸಿಯೇ ಎಂದು ನಾನು ಅವನ ಬಾಯಿ ಮುಚ್ಚಿಸಿದೆ. ಊರ ತುದಿಯ ಬಸ್ ನಿಲ್ದಾಣ ತಲುಪಿದಾಗ ನಮ್ಮ ಬಸ್ಸು ಆಗತಾನೇ ಬಂದು ನಿಂತಿತ್ತು. ಜನ ಬಾಗಿಲಿಗೆ ಸಾಲು ಹಚ್ಚಿದ್ದರು. ಸಾಲಿನಲ್ಲಿ ನಿಂತವನಿಗೆ ಸೀಟು ಸಿಕ್ಕ ಉದಾಹರಣೆ ನನ್ನ ಅನುಭವದಲ್ಲಿ ಇರಲಿಲ್ಲ. ಹಿಂದಿನಿಂದ ಎರಡನೆಯ ಕಿಟಕಿ ತೆರೆದಿತ್ತು, ಒಳಗೆ ಇಬ್ಬರ ಸೀಟು ಖಾಲಿ ಇತ್ತು. ಕೈ ತಾನಾಗಿ ಹೆಗಲಿಗೆ ಹೋಯಿತು. ಟವೆಲ್ ಎಲ್ಲಿದೆ? ಪರದೇಶಕ್ಕೆ ಟವೆಲ್ ಶೋಭಿಸುವುದಿಲ್ಲ ಎಂದು ಗಿರಿಜಾ ಅದನ್ನು ನವಲಗುಂದದಲ್ಲೇ ಬಿಡಿಸಿದ್ದಳು. ಹೆಗಲ ಮೇಲಿದ್ದದ್ದು ಕೈಚೀಲ. ಓಡಿದೆ, ಎಸೆದೆ. ಚೀಲ ಸೀಟಿನ ನಟ್ಟನಡುವೆ ಬಿತ್ತು. ಇಷ್ಟು ವರ್ಷಗಳಾದರೂ ಕೈ ಮರೆತಿಲ್ಲವಲ್ಲ ಎಂದು ಹಿಗ್ಗಿ, ಗೆದ್ದವನ ಹಾಗೆ ಗಿರಿಜಾಳ ಕಡೆ ತಿರುಗಿದೆ.

ನಮ್ಮಲ್ಲಿ ಟವೆಲ್ ಹಾಕಿದ ಮೇಲೆ ಅವಸರವಿಲ್ಲ. ಕಂಡಕ್ಟರ್ ಕಂಟ್ರೋಲರ್ ರೂಮಿಗೆ ಹೋಗಬೇಕು, ಡ್ರೈವರ್ ಚಹಾ ಕುಡಿಯಬೇಕು, ಆಮೇಲೆ ಸೀಟಿ, ಆಮೇಲೆ ರೈಟ್. ಅಲ್ಲಿ ಯಾರೂ ಚಹಾ ಕುಡಿಯಲಿಲ್ಲ. ಸಾಲಿನ ಕಡೆಯವನು ಹತ್ತಿದೊಡನೆ ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ನಾನು ಹತ್ತು ಹೆಜ್ಜೆ ಓಡಿ, ಆಗ ಹೇಳಿದ ಏದುಸಿರಿನಿಂದ ಅಲ್ಲೇ ಕುಕ್ಕರಿಸಿದೆ. ಚೀಲದಲ್ಲಿ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ ಇದ್ದವು. ಬಿಪಿ ಗುಳಿಗೆ ಇದ್ದವು. ಇಬ್ಬರ ಪಾಸ್‌ಪೋರ್ಟುಗಳೂ ಇದ್ದವು. ಮನೆಯಲ್ಲಿಟ್ಟರೆ ಕಳುವಾದೀತು ಎಂದು ಅವನ್ನು ನಾನೇ ದಿನಾ ಹೊತ್ತು ತಿರುಗುತ್ತಿದ್ದೆ.

ಅಂಜಿಕೆ ಎಂದರೆ ಏನೆಂದು ಆ ಹೊತ್ತು ತಿಳಿಯಿತು. ನಾಡಿದ್ದು ವಿಮಾನ. ಪಾಸ್‌ಪೋರ್ಟ್ ಇಲ್ಲದವನನ್ನು ಯಾರು ಹತ್ತಿಸುತ್ತಾರೆ? ನಾನು ಯಾರು, ಯಾವ ದೇಶದವನು ಎಂದು ಹೇಳುವ ಒಂದು ಚೂರು ಕಾಗದವೂ ನನ್ನಲ್ಲಿ ಉಳಿದಿರಲಿಲ್ಲ. ನೆಂಟನಾಗಿ ಬಂದವನು ಮಲ್ಲುವಿನ ಮನೆಯಲ್ಲೇ ಖಾಯಂ ಉಳಿಯುವ ಚಿತ್ರ ಕಣ್ಣ ಮುಂದೆ ಬಂತು. ಗಿರಿಜಾ ಹಚ್ಚಿದ ಫೋನನ್ನು ಮಲ್ಲು ಎತ್ತಲಿಲ್ಲ; ನನ್ನ ಕಡೆ ಅವಳು ನೋಡಲೂ ಇಲ್ಲ. ಮಗ್ಗುಲಲ್ಲಿ ಒಬ್ಬ ಮುದುಕಿ ಕುದಿಸಿದ ಕಾಳು ಮಾರುತ್ತಿದ್ದಳು. ಎರಡು ಜಡೆ, ತಲೆಗೊಂದು ಟೋಪಿ. ಗಿರಿಜಾ ಸೀದಾ ಆಕೆಯ ಮುಂದೆ ಕೂತು, ನನ್ನನ್ನು ತೋರಿಸಿ, "ನೋಡವ್ವಾ, ಇವ್ರು ಚೀಲಾ ಒಗದ್ರು, ಬಸ್ಸು ಹೋತು" ಎಂದಳು. ಜತೆಗೆ ಎಸೆಯುವುದನ್ನೂ, ಬಸ್ಸು ಹೋಗುವುದನ್ನೂ, ನಾನು ಕುಕ್ಕರಿಸಿದ್ದನ್ನೂ ಕೈಯಲ್ಲೇ ಮಾಡಿ ತೋರಿಸಿದಳು. ಮುದುಕಿ ಕಾಳಿನ ಪಾತ್ರೆ ಬಿಟ್ಟು ಎದ್ದು, ಸಮವಸ್ತ್ರದ ಒಬ್ಬನನ್ನು ತೋಳು ಹಿಡಿದೇ ಕರೆತಂದಳು. ಅವನು ಕೈಯಲ್ಲಿದ್ದ ವೈರ್‌ಲೆಸ್‌ನಲ್ಲಿ ಏನೋ ಹೇಳಿ, ಮುಂದಿನ ಬಸ್ಸಿನಲ್ಲಿ ನಮ್ಮನ್ನು ಹತ್ತಿಸಿದ.

ಆ ದಾರಿಯಲ್ಲಿ ಕಣಿವೆ ಇತ್ತಂತೆ, ಬರಿ ಗುಡ್ಡಗಳಿದ್ದವಂತೆ, ಹಿಮದ ಶಿಖರವೂ ಕಂಡಿತಂತೆ. ನನಗೆ ಕಂಡದ್ದು ಮುಂದಿನ ಸೀಟಿನ ಬೆನ್ನು ಮಾತ್ರ. ಅರ್ಧ ದಾರಿಯಲ್ಲಿ ಗಿರಿಜಾ ಒಂದೇ ಮಾತು ಆಡಿದಳು: "ಟವೆಲ್ ಆಗಿದ್ರ ಹೋದ್ರ ಹೋಗ್ಲಿ ಅಂತಿದ್ದೆ."

ಕೊನೆಯ ನಿಲ್ದಾಣದಲ್ಲಿ ಇಳಿದಾಗ ಮೊದಲಿನ ಬಸ್ಸು ನಿಂತಿತ್ತು. ಜನರೆಲ್ಲ ಇಳಿದು ಹೋಗಿದ್ದರು. ಬಾಗಿಲಲ್ಲಿ ಕಂಡಕ್ಟರ್ ಹೆಣ್ಣುಮಗಳು ಕಾಯುತ್ತಿದ್ದಳು. ಒಳಗೆ, ಹಿಂದಿನಿಂದ ಎರಡನೆಯ ಸೀಟಿನಲ್ಲಿ, ನನ್ನ ಚೀಲ ಕಿಟಕಿಗೆ ಒರಗಿ ಕೂತಿತ್ತು. ಅದರ ಬಾಜು ಕಂಬಳಿ ಹೊದ್ದ ಒಬ್ಬ ಅಜ್ಜ ಚೀಲದ ಪಟ್ಟಿ ಹಿಡಿದು ನಿಂತಿದ್ದ. ನಾನು ಚೀಲ ಬಿಚ್ಚಿದೆ. ಎರಡೂ ಪಾಸ್‌ಪೋರ್ಟುಗಳು ರೊಟ್ಟಿಯ ಕೆಳಗೆ ಬೆಚ್ಚಗೆ ಮಲಗಿದ್ದವು. ಗಿರಿಜಾ ಮಲ್ಲುವಿಗೆ ಮತ್ತೆ ಫೋನ್ ಹಚ್ಚಿ ಕಂಡಕ್ಟರ್ ಕೈಗೆ ಕೊಟ್ಟಳು. ಆಕೆ ಹೇಳಿದ್ದನ್ನು ಕೇಳಿ ಮಲ್ಲು ನನಗೆ ಹೇಳಿದ: "ಮಾಮಾ, ಯಾರೋ ಜಾಗಾ ಹಿಡದಾರ, ಮುಂದಿನ ಸ್ಟಾಪಿನ್ಯಾಗ ಹತ್ತತಾರ ಅಂತ ಯಾರೂ ಕುಂತಿಲ್ರಿ. ಚೀಲಾ ಬೀಳಬಾರ್ದು ಅಂತ ಈ ಅಜ್ಜಾ ಪೂರಾ ದಾರಿ ಹಿಡ್ಕೊಂಡ ನಿಂತಾನ್ರಿ."

ಹೇಳಲು ನಾಚಿಕೆಯೇನೂ ಇಲ್ಲ, ನಾನು ಅತ್ತುಬಿಟ್ಟೆ. ಅಜ್ಜನ ಎರಡೂ ಕೈ ಹಿಡಿದೆ. ಮೈಮೇಲಿನ ಹೊರೆ ಇಳಿದು ಹೊಟ್ಟೆಯಲ್ಲಿ ಒಮ್ಮೆಲೇ ಹಸಿವು ಹುಟ್ಟಿತು. ಗಿರಿಜಾ ಅಲ್ಲೇ ರೊಟ್ಟಿ ಬಿಚ್ಚಿ, ಶೇಂಗಾ ಚಟ್ನಿ ಹಾಕಿ ಎಲ್ಲರಿಗೂ ಕೊಟ್ಟಳು. ಶೇಂಗಾ, ಮೆಣಸಿನಕಾಯಿ ಎರಡೂ ಹಿಂದೊಮ್ಮೆ ಈ ಖಂಡದಿಂದಲೇ ನಮ್ಮಲ್ಲಿಗೆ ಬಂದವು ಎಂದು ನಾನು ಅಜ್ಜನಿಗೆ ಕನ್ನಡದಲ್ಲಿ ಪಾಠ ಮಾಡಿದೆ. ಅವನು ಚಟ್ನಿ ಮುಗಿಸಿ ಮತ್ತೆ ಕೈ ಒಡ್ಡಿದ. ನನ್ನ ನೌಕರಿಯಲ್ಲಿ ಇಷ್ಟು ಗಮನ ಕೊಟ್ಟು ಕೂತ ವಿದ್ಯಾರ್ಥಿ ಇನ್ನೊಬ್ಬನಿಲ್ಲ.

ಗೆರೆಯನ್ನೂ ನೋಡಿದೆವು. ದೊಡ್ಡ ಸ್ಮಾರಕ, ನೆಲದ ಮೇಲೆ ಹಳದಿ ಗೆರೆ, ಆಚೆ ಕಾಲು ಈಚೆ ಕಾಲು ಇಟ್ಟು ಫೋಟೋ. ನಿಜವಾದ ಭೂಮಧ್ಯರೇಖೆ ಅಲ್ಲಿಲ್ಲ, ಸ್ವಲ್ಪ ಆಚೆ ಹಾಯ್ದಿದೆ ಎಂದು ಮಲ್ಲು ಆಮೇಲೆ ಹೇಳಿದ. ಗಡಿಗೆ ನೆಟ್ಟ ಬಾಂದಗಲ್ಲು ಒಂದು ಕಡೆ, ಹೊಲದ ನಿಜವಾದ ಹದ್ದು ಇನ್ನೊಂದು ಕಡೆ ಇರುವುದು ನಮ್ಮ ತಾಲೂಕಿನವರಿಗೆ ಹೊಸದೇನಲ್ಲ. ಪಾಸ್‌ಪೋರ್ಟ್ ಕಿಸೆಯಲ್ಲಿದ್ದ ಆ ಹೊತ್ತಿಗೆ ರೇಖೆ ನಮ್ಮ ಕಡೆಯ ಬಮ್ಮಿಗಟ್ಟಿಯಲ್ಲಿ ಹಾಯ್ದಿದ್ದರೂ ನನ್ನದೇನೂ ತಕರಾರು ಇರಲಿಲ್ಲ.

ಊರಿಗೆ ಬಂದ ಎಂಟು ದಿನಕ್ಕೆ ಅರಿವೆ ಕೊಳ್ಳಲು ಹುಬ್ಬಳ್ಳಿಗೆ ಹೋಗಿದ್ದೆವು. ತಿರುಗಿ ಬರುವಾಗ ನವಲಗುಂದದ ಬಸ್ಸಿಗೆ ಜನವೋ ಜನ. ಕೈ ಹೆಗಲಿನ ಟವೆಲ್ಲಿಗೆ ಹೋಯಿತು; ಅಜ್ಜ ನೆನಪಾದ; ಕೈ ಇಳಿಸಿದೆ. ಇನ್ನು ಮೇಲೆ ಮನುಷ್ಯರ ಹಾಗೆ ಹತ್ತಬೇಕು ಎಂದು ನಿಶ್ಚಯಿಸಿ ಎಲ್ಲರೂ ಹತ್ತುವ ತನಕ ನಿಂತೆ. ಗಿರಿಜಾ ಯಾವಾಗಲೋ ನುಗ್ಗಿ ಮುಂದಿನ ಹೆಂಗಸರ ಸೀಟು ಹಿಡಿದು, ಪೇಟೆ ತಿರುಗಿದ ದಣಿವಿಗೆ ನಿದ್ದೆ ಹೋಗಿದ್ದಳು. ಬಸ್ಸಿನಲ್ಲಿ ಹಿಂದೆ ಒಂದೇ ಒಂದು ಸೀಟು ಖಾಲಿ. ಅದರ ಮೇಲೆ ಯಾರದೋ ಕರವಸ್ತ್ರ.

ನಾನು ಅದರ ಬಾಜು ನಿಂತೆ. ಬೀಳಬಾರದೆಂದು ಒಂದು ಕೈ ಸೀಟಿನ ಮೇಲೆ ಇಟ್ಟುಕೊಂಡೆ. ಒಬ್ಬರು ಕೂರಲು ಬಂದರು. ಯಾರೋ ಜಾಗ ಹಿಡಿದಿದ್ದಾರೆ ಎಂದೆ. ಊರು ದಾಟಿ ಆಯಿತು, ಇನ್ನು ಯಾರು ಬರುತ್ತಾರೆ ಎಂದು ಅವರು ಕೇಳಿದರು. ಕೀಟೋದ ಅಜ್ಜನ ಕಥೆಯನ್ನು ಮೊದಲಿನಿಂದ ಕಡೆಯ ತನಕ ಹೇಳಿದೆ. ಅವರು ಕೈ ಮುಗಿದು ಬಾಗಿಲ ಕಡೆ ಹೋಗಿ ನಿಂತರು. ಕಾಲು ನೋಯುತ್ತಿದ್ದವು, ಆದರೂ ಎದೆಯೊಳಗೆ ಒಂದು ಋಣ ತೀರಿಸುತ್ತಿರುವ ಸಮಾಧಾನವಿತ್ತು.

ನವಲಗುಂದ ಬಂತು. ಕರವಸ್ತ್ರದ ಯಜಮಾನ ಬರಲೇ ಇಲ್ಲ. ಜನ ಇಳಿಯುತ್ತಿದ್ದಂತೆ ಗಿರಿಜಾ ಕಣ್ಣೊರೆಸಿಕೊಳ್ಳುತ್ತ ಹಿಂದೆ ಬಂದಳು. ಕೈ ಚಾಚಿ ಕರವಸ್ತ್ರ ಎತ್ತಿ, ಕೊಡವಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿಮಗಂತ ಹಾಕಿದ್ನಲ್ರೀ," ಎಂದಳು. "ಕುಂಡ್ರೂದ್ ಬಿಟ್ಟು ಯಾಕ ನಿಂತ್ರಿ?"