ಒಲೆ ಹತ್ತಿಸದ ಕಾಫಿ

ನಾನು ಅಡುಗೆಮನೆಯಲ್ಲಿ ಹೊಸದೇನಾದರೂ ಮಾಡಿದರೆ ಅದು ಓಣಿಗೆಲ್ಲ ಸುದ್ದಿಯಾಗದೆ ಮುಗಿಯುವುದಿಲ್ಲ. ಈ ಬೇಸಿಗೆಯಲ್ಲಿ ಕೋಲ್ಡ್ ಬ್ರೂ ಕಾಫಿಯ ಸರದಿ. ಕೆಲಸ ಸರಳ. ತರಿಯಾಗಿ ಒಡೆದ ಕಾಫಿ ಪುಡಿಯನ್ನು ರಾತ್ರಿ ತಣ್ಣೀರಲ್ಲಿ ನೆನೆಹಾಕಬೇಕು, ಬೆಳಿಗ್ಗೆ ಸೋಸಿ ಹಾಲು, ಸಕ್ಕರೆ, ಐಸು ಬೆರೆಸಿ ಕುಡಿಯಬೇಕು. ಒಲೆಯೇ ಬೇಡ. ಕೊಪ್ಪಳದ ಬಿಸಿಲಿಗೆ ಇದಕ್ಕಿಂತ ಒಳ್ಳೆಯದು ಇನ್ನೂ ಹುಟ್ಟಿಲ್ಲ ಎಂದು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ. ನಾದಿನಿಯನ್ನು ನೋಡಲು ಸಿದ್ದಾಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರಿಗೂ ಇದನ್ನೇ ಕೊಡುತ್ತೇನೆ ಎಂದುಬಿಟ್ಟೆ.

ಅತ್ತೆ ಹಣೆ ಬಡಿದುಕೊಂಡರು. "ಛಲೋ ಮನಿತನ ಐತಿ. ಬಿಸಿ ಚಾ ಕೊಡಲಾರದ ಮನಿ ಹುಡುಗೀನ ಯಾರ ಒಯ್ತಾರವಾ? ಈ ಸಂಬಂಧ ತಪ್ಪಿದ್ರ ನಿನ್ನ ಸುಮ್ನ ಬಿಡಂಗಿಲ್ಲ ನೋಡು."

"ತಪ್ಪಂಗಿಲ್ಲ ಬಿಡ್ರಿ ಅತ್ತಿ. ಕುಡುದ್ರ ಅವರ ಇನ್ನೊಂದ ಲೋಟ ಕೇಳ್ತಾರ," ಎಂದೆ.

ನೆನೆಹಾಕಿದ್ದು

ಮೊದಲ ದಿನ ಪುಡಿ ನೆನೆಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಪಾತ್ರೆಯಲ್ಲಿ ನೀರೇ ಇಲ್ಲ, ಬರೀ ಚರಟ. ನಮ್ಮ ಮನೆಯಲ್ಲಿ ರಾತ್ರಿ ನೆನೆಹಾಕಿದ್ದು ಉದ್ದಾಗಲಿ ಅಕ್ಕಿಯಾಗಲಿ, ಬೆಳಿಗ್ಗೆ ನೀರು ಬಸಿದು ರುಬ್ಬುವುದಕ್ಕೇ. ಅತ್ತೆ ಬೇಗ ಎದ್ದು ನನಗೆ ಕೈಯಾಸರೆಯಾಗಿದ್ದರು.

"ಅತ್ತಿ, ನೀರೆಲ್ಲಿ?"

"ಕರಿಬೇವಿನ ಗಿಡಕ್ಕ ಸುರಿದೀನಿ. ಎಷ್ಟ ಹೊಲಸ ನೀರ ಬಿಟ್ಟಿತ್ತವಾ! ಮ್ಯಾಲ ಎರಡ ಸಲ ತೊಳದೀನಿ. ಈಗ ಸ್ವಚ್ಛ ಆಗೈತಿ, ರುಬ್ಬು."

ಗಿರಣಿ

ಇದ್ದ ಪುಡಿ ಹಾಗೆ ಹೋಯಿತು. ಗಂಗಾವತಿಯಿಂದ ಹುರಿದ ಕಾಫಿ ಬೀಜ ತರಿಸಿದೆ. ಮಿಕ್ಸಿಗೆ ಹಾಕಿದರೆ ಹಿಟ್ಟಾಗುತ್ತದೆ, ತರಿ ಬರುವುದಿಲ್ಲ. ಸೀದಾ ಓಣಿಯ ಹಿಟ್ಟಿನ ಗಿರಣಿಗೆ ಒಯ್ದೆ. ಗಿರಣಿಯವನು ಗೋಧಿ ರವೆ ಒಡೆಯುವ ಹಾಗೆ ಒಡೆದುಕೊಟ್ಟ. ತರಿ ಬಹಳ ಚೆನ್ನಾಗಿ ಬಂತು.

ಆದರೆ ಗಿರಣಿಯೊಳಗೆ ಉಳಿದದ್ದು ಮುಂದಿನವರ ಹಿಟ್ಟಿಗೆ ಸೇರುತ್ತದೆ. ನನ್ನ ಹಿಂದೆ ಜೋಳ ಹಿಡಿದು ನಿಂತಿದ್ದವಳು ಪಕ್ಕದ ಮನೆಯಾಕೆ. ಮರುದಿನ ಸಂಜೆ ಆಕೆ ನಮ್ಮ ಬಾಗಿಲಿಗೆ ಬಂದಾಗ ಜಗಳಕ್ಕೇ ಬಂದಳೆಂದು ನಾನೂ ಸೆರಗು ಬಿಗಿದೆ.

"ಅಕ್ಕಾರ, ಉಂಡ ಮ್ಯಾಲ ಸಂಜೀತನ ಮಲಗೋ ನಮ್ಮ ಮನಿಯವರು ಇವತ್ತ ಆ ಕಂದು ರೊಟ್ಟಿ ತಿಂದು ಹೊಲಕ್ಕ ಹೋಗ್ಯಾರ್ರಿ! ಮತ್ತ ಯಾವಾಗ ಬೀಸಸ್ತೀರಿ?"

ಬೀಗರು

ಗಂಡಿನ ಕಡೆಯವರು ಬಂದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಹುಡುಗ, ಅವನ ತಂದೆ, ತಾಯಿ. ಮಂಡಕ್ಕಿ ಒಗ್ಗರಣೆಯ ಜೊತೆ ನಾದಿನಿ ತಣ್ಣನೆ ಕಾಫಿ ತಂದಿಟ್ಟಳು. ಹುಡುಗನ ತಂದೆ ಲೋಟ ಮುಟ್ಟಿ ನೋಡಿದರು, ಒಂದು ಗುಟುಕು ಕುಡಿದರು, ಮಗನ ಕಿವಿಯಲ್ಲಿ ಏನೋ ಹೇಳಿದರು. ಹುಡುಗ ಎದ್ದು ಕಾರು ಹತ್ತಿ ಹೊರಟೇಬಿಟ್ಟ.

"ಮುಗೀತು. ಹುಡುಗ ಎದ್ದ ಹೋದ," ಎಂದು ಅತ್ತೆ ಅಡುಗೆಮನೆಯಲ್ಲಿ ಕಣ್ಣೀರು ಹಾಕಿದರು. ನಾದಿನಿಯ ಮುಖವೂ ಸಪ್ಪಗಾಯಿತು. ಹೊರಗೆ ಹುಡುಗನ ತಂದೆ ಮಾತ್ರ ನನ್ನ ಗಂಡನ ಜೊತೆ ಕಾಲುವೆ ನೀರಿನ ಮಾತಾಡುತ್ತ ಆರಾಮಾಗಿ ಕೂತಿದ್ದರು.

ಸ್ವಲ್ಪ ಹೊತ್ತಿಗೆ ಕಾರು ತಿರುಗಿ ಬಂತು. ಹುಡುಗ ಹೆಗಲ ಮೇಲೆ ತುಂಬಿದ ಗ್ಯಾಸ್ ಸಿಲಿಂಡರ್ ಹೊತ್ತು ಬಂದು ಅಡುಗೆಮನೆ ಬಾಗಿಲಲ್ಲಿ ಇಳಿಸಿದ!

"ಇದರಾಗ ನಾಚಿಕಿ ಏನೈತವಾ?" ಎಂದು ಅವನ ತಂದೆ ನನಗೆ ಸಮಾಧಾನ ಹೇಳಿದರು. "ಗ್ಯಾಸ್ ತೀರೋದು ಎಲ್ಲಾರ ಮನ್ಯಾಗೂ ಇದ್ದದ್ದ. ಪಾಪ, ತಣ್ಣೀರಾಗರ ಕಾಫಿ ಕದಡಿ ಕೊಟ್ರಿ. ಹಿಟ್ನಾಳದಾಗ ನನ್ನ ಮಗಳ ಮನಿ ಐತಿ, ಅಲ್ಲಿಂದ ತರಿಸೀನಿ. ಈಗ ಚಾಕ್ಕ ಇಡ್ರಿ."

ಇದು ಹೀಗೇ ಮಾಡುವ ಕಾಫಿ ಎಂದು ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ರಟ್ಟೆ ಹಿಡಿದು ಒಳಗೆಳೆದರು. "ಬಾಯಿ ಮುಚ್ಚು! ಮೊದಲ ನಮ್ಮ ಸಿಲಿಂಡರಿಗೆ ಸೀರಿ ಹೊಚ್ಚು."

ನಮ್ಮ ಸಿಲಿಂಡರನ್ನು ಮೂಲೆಗೆ ದೂಡಿ ಹೊದಿಸಿ, ಬೀಗರ ಗ್ಯಾಸಿನಲ್ಲೇ ಚಹಾ ಕುದಿಸಿದೆ. ಅಷ್ಟರಲ್ಲಿ ಹುಡುಗ ದಣಿವಿಗೆ ಅಲ್ಲಿದ್ದ ತಣ್ಣನೆ ಕಾಫಿಯನ್ನೆಲ್ಲ ಒಬ್ಬನೇ ಕುಡಿದು ಮುಗಿಸಿದ್ದ. ಬಾಗಿಲ ಮರೆಯಲ್ಲಿ ನಿಂತ ನಾದಿನಿ ಅವನ ಮೇಲಿನ ಕಣ್ಣು ತೆಗೆದಿರಲಿಲ್ಲ.

ಹೊರಡುವಾಗ ಅತ್ತೆ ಸಂಕೋಚದಿಂದಲೇ, "ನಿಮ್ಮ ಸಿಲಿಂಡರ್ ಒಯ್ರಿ ಅಣ್ಣಾರ," ಎಂದರು.

ಹುಡುಗನ ತಂದೆ ಮಗನನ್ನು ನೋಡಿದರು, ನಾದಿನಿಯನ್ನು ನೋಡಿದರು, ಚಪ್ಪಲಿ ಮೆಟ್ಟಿದರು.

"ಈಗ ಇಲ್ಲೇ ಇರ್ಲಿ ಬಿಡ್ರಿ. ಹುಡುಗಿ ಜೋಡಿ ಕಳಸೀರಂತ."