ಬೀರುವಿನ ಬೀಗದಲ್ಲೊಂದು ಬಾಣಂತನ

ಗುಂಯ್ ಎಂದು ಒಂದೇ ಶ್ರುತಿ, ನಡುವೆ ಉಸಿರು ಹಿಡಿದಂತೆ ಮೌನ, ಮತ್ತೆ ಗುಂಯ್. ಮೂವತ್ತು ವರ್ಷಗಳ ಹಿಂದೆ ಹರಿಹರದಲ್ಲಿ ಓರಗಿತ್ತಿಯ ಅಡುಗೆಮನೆ ಕಿಟಕಿಯಲ್ಲಿ ಕೇಳಿದ ಸದ್ದು ಈಗ ದಾವಣಗೆರೆಯಲ್ಲಿ, ನನ್ನ ಬೀರುವಿನ ಬೀಗದ ಕಿಂಡಿಯಿಂದ ಬರುತ್ತಿದೆ. ಕಣಜವೊಂದು ಅಲ್ಲಿ ಮಣ್ಣಿನ ಗೂಡು ಕಟ್ಟಿದೆ. ರೇಷ್ಮೆ ಸೀರೆಗಳೆಲ್ಲ ಒಳಗೆ ಅರೆಸ್ಟ್ ಆಗಿವೆ. ಮದುವೆ, ಸೀಮಂತಕ್ಕೂ ಕಾಟನ್ನಿನಲ್ಲೇ ಹೋಗುತ್ತಿದ್ದೇನೆ. ಕೆಲಸದ ಮಂಜವ್ವ "ಒಂದು ಪಿನ್ ಕೊಡ್ರಿ, ಕೆದರಿ ಹಾಕ್ತೀನಿ" ಅಂದರೆ "ಬ್ಯಾಡ" ಎನ್ನುತ್ತೇನೆ.

ಗೊತ್ತಿದ್ದನ್ನು ಹೇಳದೆ ಸುಮ್ಮನಿರುವುದು ನನಗೆ ಬಾರದ ವಿದ್ಯೆ. ಕಾನ್ವೆಂಟಿನ ಸಿಸ್ಟರುಗಳು ನಿಜ ಹೇಳುವುದನ್ನು ಕಲಿಸಿದರು. ಯಾವಾಗ ಬಾಯಿ ಮುಚ್ಚಬೇಕೆಂಬುದು ಸಿಲೆಬಸ್ಸಿನಲ್ಲಿರಲಿಲ್ಲ. ಸಾಲದ್ದಕ್ಕೆ ಬಯಾಲಜಿ ಟೀಚರ್ ಬೇರೆ ಆದೆ.

ನನ್ನ ಓರಗಿತ್ತಿ ಗಿರಿಜೆಗೆ ಮಕ್ಕಳಾಗಲಿಲ್ಲ. ಎರಡು ತಿಂಗಳ ಕೂಸು ಶೋಭಾಳನ್ನು ತಂದು ಸಾಕಿದಳು. ಮಗುವಿಗೆ ಎಂಟು ವರ್ಷವಿದ್ದಾಗ ಒಂದು ದಿನ, ರೊಟ್ಟಿ ತಟ್ಟುತ್ತ, ಕಿಟಕಿಯಲ್ಲಿದ್ದ ಕಣಜದ ಗೂಡು ತೋರಿಸಿ ಹೇಳಿದಳು: "ನೋಡವ್ವ, ಯಾರದೋ ಹುಳಾನ ತಂದು ಒಳಗಿಟ್ಟು ಹಾಡ್ತೈತೆ. ಹಾಡಿ ಹಾಡಿ ತನ್ನಂಗೆ ಮಾಡ್ಕಂತೈತೆ. ನಾನೂ ನಿನ್ನ ಹಂಗೇ ಮಾಡ್ಕಂಡಿದ್ದು."

ನಾನು ತಟ್ಟೆಯ ಮುಂದೆ ಕೂತೇ ಪಾಠ ಶುರುಮಾಡಿದೆ. ಅದು ಹಾಡಲ್ಲ, ಮೈ ನಡುಗಿಸಿ ಮಣ್ಣು ಮೆತ್ತುವ ಸದ್ದು. ಹುಳುವನ್ನು ಚುಚ್ಚಿ ಮರಗಟ್ಟಿಸುತ್ತದೆ, ಕೊಲ್ಲುವುದಿಲ್ಲ. ಮರಿಗೆ ಊಟ ಫ್ರೆಶ್ ಆಗಿರಬೇಕಲ್ಲ! ಆ ಮುಳ್ಳು ಕೂಡ ಮೂಲದಲ್ಲಿ ಮೊಟ್ಟೆಯಿಡುವ ನಳಿಗೆ, ಜೇನು, ಇರುವೆಗಳೂ ಇದೇ ವಂಶದಿಂದ ಬಂದವು ಎಂದು ಎವಲ್ಯೂಷನ್ನನ್ನೂ ಬಡಿಸಿದೆ. "ಹೊರಗೆ ಬರೋದು ಕಣಜದ ಸ್ವಂತ ಮರಿ, ಗಿರಿಜಾ. ಯಾರದೋ ಹುಳ ಯಾವತ್ತೂ ಕಣಜ ಆಗಲ್ಲ."

ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು. "ಹಂಗಾರೆ ನಾನು ಅವ್ವನಂಗೆ ಆಗಲ್ಲೇನು, ದೊಡ್ಡವ್ವ?" ಎಂದಳು ಶೋಭಾ. ನಾನು ಮಜ್ಜಿಗೆ ಕೇಳಿದೆ. ಗಿರಿಜೆ ಬಡಿಸಿದಳು. ಬಸ್ಸಿನಲ್ಲಿ ಕಾಲು ತುಳಿದರೆ ಅಪರಿಚಿತರಿಗೂ ಸಾರಿ ಹೇಳುವವಳು ನಾನು. ಅವಳಿಗೆ ಮಾತ್ರ ಹೇಳಲಿಲ್ಲ.

ಹೋದ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದ ಗಿರಿಜೆಯನ್ನು ನೋಡಲು ಹೋದೆ. ಶೋಭಾ ಅವಳ ತಲೆ ಬಾಚುತ್ತಿದ್ದಳು. ಹಲ್ಲಿನ ನಡುವೆ ಹೇರ್‌ಪಿನ್ನು, ಮೇಲೆತ್ತಿದ ಎಡಹುಬ್ಬು, ಮೂಗಿನಲ್ಲೇ ಗುನುಗು: ಎಲ್ಲ ಗಿರಿಜೆಯದೇ.

"ಅವ್ವಾ, ದೊಡ್ಡವ್ವ ಬಂದಾರೆ. ಸುಮ್ನೆ ಮಲಗು, ಪಾಠ ಮಾಡ್ತಾರೆ!"

ಗಿರಿಜೆ ಕಣ್ಣು ತೆರೆದು ನಕ್ಕಳು. "ಈಗ ಹೇಳ್ರಿ ಅಕ್ಕಾ, ನನ್ನ ಹುಳ ಹೆಂಗೈತೆ?"

ಥೇಟ್ ನೀನೇ ಕಣೇ ಎನ್ನಬೇಕಿತ್ತು. "ಮಜ್ಜಿಗೆ ಕುಡಿದೆಯಾ?" ಎಂದೆ. ಹೂಂ ಎಂದು ತಲೆಯಾಡಿಸಿ, ಮಗಳ ಕೈಗೆ ಜಡೆ ಕೊಟ್ಟು ಗೋಡೆಯ ಕಡೆ ಹೊರಳಿದಳು. ಗಿರಿಜೆಯನ್ನು ನಾನು ಕಂಡದ್ದು ಅದೇ ಕೊನೆ.